ಆಯಿ ಹುಟ್ಟಿದ ನೆಲ

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡರು ಅನ್ನುತ್ತಾರಲ್ಲ, ನಮ್ಮ ಅತ್ತೆ ರೇಣವ್ವ ಮಾಡಿಕೊಂಡದ್ದು ಅದನ್ನೇ. ಯಾರೂ ಅವರನ್ನು ಕೇಳಿರಲಿಲ್ಲ. ಬೆಳಗಾವಿಯ ಅನಗೋಳದ ನಮ್ಮ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ತಾವಾಗಿಯೇ ಬಾಯಿಬಿಟ್ಟರು.

ಮಾತು ತೆಗೆದವನು ನನ್ನ ಮಗ ಸೋಮಲಿಂಗ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅವನ ಕೆಲಸ. ಕಾಯಂ ಅಲ್ಲ, ಗುತ್ತಿಗೆದಾರನ ಕೈಕೆಳಗೆ. ಕುಲುಮೆಯ ಝಳಕ್ಕೆ ಹುಡುಗನ ಕೆನ್ನೆ ಸುಟ್ಟ ಬದನೆಕಾಯಿ ಆಗಿತ್ತು. ಹೊಸದಾಗಿ ಮದುವೆ ಬೇರೆ. ಅವನ ಹೆಂಡತಿ ಮನಿಷಾ ಖಾನಾಪುರದವಳು, ಅವನ ತಟ್ಟೆಗೆ ಝುಣಕ ಹಾಕುತ್ತ ನಿಂತಿದ್ದಳು.

"ನಮ್ಮ ಕೂಡ ಕೆಲಸಾ ಮಾಡ್ತಿದ್ದನಲ್ಲ, ಲೋಂಡಾದ ಹುಡುಗ, ಅಂವಾ ಪೋರ್ತುಗಾಲಕ್ಕ ಹೋದ" ಎಂದ ಸೋಮಲಿಂಗ, ರೊಟ್ಟಿ ಮುರಿಯುತ್ತ. "ಅವರ ಅಜ್ಜ ಗೋವಾದಾಗ ಹುಟ್ಟಿದ್ನಂತ, ಅಲ್ಲಿ ಫಿರಂಗ್ಯಾರ ರಾಜ್ಯ ಇದ್ದಾಗ. ಅಷ್ಟ ಸಾಕಂತ. ಮೊಮ್ಮಗಗ ಪಾಸ್‌ಪೋರ್ಟ್ ಕೊಟ್ಟಾರ."

"ಅದರಾಗ ಏನೈತಿ? ನಾನೂ ಅಲ್ಲೇ ಹುಟ್ಟೇನಿ" ಎಂದರು ಅತ್ತೆ.

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ನೀವು ಕಣಕುಂಬಿಯವ್ರಲ್ಲೇನ್ರೀ ಅತ್ತಿ?"

"ಬೆಳದದ್ದು ಕಣಕುಂಬಿ. ಹುಟ್ಟಿದ್ದು ಘಟ್ಟದ ಕೆಳಗ. ನಮ್ಮವ್ವನ ತವರಮನಿ ಗೋವಾದ ಸತ್ತರಿ ಸೀಮ್ಯಾಗಿತ್ತು. ಚೊಚ್ಚಲ ಹೆರಿಗಿ ತವರಿನಾಗಲ್ಲದ ಮತ್ತೆಲ್ಲಿ ಮಾಡ್ತಾರ ನಮ್ಮ ಮಂದಿ? ಅವ್ವಗ ಹಸರ ಸೀರಿ ಉಡಿಸಿ, ಎಮ್ಮೀ ಹಿಂದ ಎಮ್ಮೀ ಹಂಗ ನಡಿಸ್ಕೋತ ಘಟ್ಟಾ ಇಳಿಸಿದ್ರಂತ. ಇಲ್ಲಿ ಇಂಗ್ರೇಜಿಯವರು ಗಂಟು ಕಟ್ಟಾಕತ್ತಿದ್ರು, ಅಲ್ಲಿ ನಾ ಹುಟ್ಟಿದೆ. ನಮ್ಮ ಸ್ವಾದರಮಾವ ಓಡಿ ಹೋಗಿ ನನ್ನ ಹೆಸರು ಬರಸಿ ಬಂದ. ಬರಸದಿದ್ರ ಫಿರಂಗಿ ಸರಕಾರ ದಂಡಾ ಹಾಕ್ತಿತ್ತು."

ಈ ಕಥೆಯನ್ನು ಅವರು ಮೊದಲೂ ಹೇಳಿದ್ದರು. ನನ್ನ ಮಕ್ಕಳಿಗೆ ಉಣ್ಣಿಸುವಾಗ ಎಮ್ಮೆಯ ಕಥೆ, ಹುಲಿಯ ಕಥೆಗಳ ನಡುವೆ ಇದೂ ಬಂದು ಹೋಗಿತ್ತು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆವತ್ತು ಸೋಮಲಿಂಗ ತಟ್ಟೆ ಸರಿಸಿ ಅಜ್ಜಿಯ ಮೊಣಕಾಲ ಬಳಿ ಹೋಗಿ ಕೂತ.

"ಆಯಿ, ಖರೇ ಹೇಳು. ಬರಸ್ಯಾರ?"

"ಸುಳ್ಳ ಯಾಕ ಹೇಳಲಿ ಮಗಾ? ದೇವರಾಣಿ ಬರಸ್ಯಾರ."

ನನ್ನ ಮಗಳು ಸಮೃದ್ಧಿ ಎಸ್ಸೆಸ್ಸೆಲ್ಸಿ. ಕೈ ತೊಳೆಯದೆ ಕುಣಿದಳು. "ಅಯ್ಯ, ನಮ್ಮ ಆಯಿ ಯುರೋಪಿನಾಕಿ!" ಎಲ್ಲರೂ ನಕ್ಕೆವು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕರು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ವಾರವೇ ಸೋಮಲಿಂಗ ಬಾಳಾಸಾಹೇಬನನ್ನು ಕರೆತಂದ. ಬೋಗಾರವೇಸದಲ್ಲಿ ಅವನದೊಂದು ಝರಾಕ್ಸ್ ಅಂಗಡಿ. ಗೋವಾದ ವಕೀಲರೊಬ್ಬರ ಪರವಾಗಿ ಇಂಥ ಕೆಲಸ ಹಿಡಿದುಕೊಡುತ್ತಿದ್ದ. ಮೋಸಗಾರನಲ್ಲ, ಹಾಗೆ ಹೇಳಿದರೆ ನನ್ನ ನಾಲಗೆಗೆ ಹುಳ ಬೀಳುತ್ತದೆ. ಎಲ್ಲವನ್ನೂ ಮೊದಲೇ ಹೇಳಿದ. ನಾನು ಕೊಟ್ಟ ಒಗ್ಗರಣೆ ಅವಲಕ್ಕಿ ತಿನ್ನುತ್ತ, ಬೆರಳು ಮಡಚಿ ಹೇಳಿದ.

"ಮೊದಲ ಆಯಿ. ಆಮ್ಯಾಲ ಆಯಿಯ ಮಗ. ಆಮ್ಯಾಲ ಮೊಮ್ಮಗ. ನಡಕಿನವರನ್ನ ಬಿಟ್ಟು ಹಾರಾಕ ಬರೂದಿಲ್ಲ. ಪಾಳಿ ಪ್ರಕಾರ."

ಪಾಳಿ ಅಂದರೆ ನಮಗೆ ರೇಷನ್ ಅಂಗಡಿಯ ಪಾಳಿ ನೆನಪಾಯಿತು. ಎಲ್ಲರೂ ತಲೆ ಆಡಿಸಿದೆವು. ನನ್ನ ಗಂಡನೂ ತಲೆ ಆಡಿಸಿದರು. ಅವರ ಹೆಸರು ಗುರುಸಿದ್ದ. ಬರೆಯುವಾಗ ಬರೆಯಬಹುದು, ಬಾಯಿಂದ ಹೇಳಬೇಕಾದರೆ ನನಗೆ ಒಡಪು ಬೇಕು. ಸರ್ಕಾರಿ ಬಸ್ಸಿನ ಡ್ರೈವರ್. ನಿವೃತ್ತಿಗೆ ಇನ್ನು ಮೂರು ವರ್ಷ.

"ಹಂಗಾದ್ರ ಅತ್ತಿ ಇಲ್ಲಿಯವರಲ್ಲ ಅಂತ ಆಗ್ತೈತೇನ್ರಿ?" ನಾನು ಕೇಳಿದೆ.

"ಕಾಯ್ದೆ ಹಂಗ ಐತಿ, ವಹಿನಿ. ಎರಡೂ ಕಡೆ ಇರಾಕ ಬರೂದಿಲ್ಲ. ಖರೇ, ಮುದುಕೀನ ಯಾರು ಕೇಳ್ತಾರ?"

ಮುದುಕಿ ಗೋಡೆಗೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನಾ ಒಲ್ಲೆ" ಎಂದರು.

"ಯಾಕ ಆಯಿ?"

"ಒಲ್ಲೆ ಅಂದ್ರ ಒಲ್ಲೆ. ನಾ ಎಂಟು ವರ್ಷದಾಕಿ ಇದ್ದಾಗ ಗಡಿ ಗೇಟ್ ಹಾಕಿದ್ರು. ಹೋಗು ಹಂಗಿಲ್ಲ, ಬರು ಹಂಗಿಲ್ಲ. ಆ ಕಡೆ ನಮ್ಮವ್ವನ ಅವ್ವ ಜೀವಾ ಹಿಡ್ಕೊಂಡು ಮಗಳ ದಾರಿ ನೋಡಾಕತ್ತಿದ್ಲು. ಅವ್ವ ನನ್ನ ಕೈ ಹಿಡ್ಕೊಂಡು ಚೌಕಿತನಾ ಹೋದ್ಲು. ಫಿರಂಗಿ ಪೋಲೀಸ ಬಂದೂಕ ಅಡ್ಡ ಹಿಡದ. ಈ ಕಡೆಯವರು, 'ಹೋದ್ರ ತಿರುಗಿ ಬರಾಕ ಬಿಡೂದಿಲ್ಲ ನೋಡವಾ' ಅಂದ್ರು. ಇಡೀ ದಿನಾ ಗೇಟಿನ ಬಾಜೂಕ ಕುಂತ್ಲು ನಮ್ಮವ್ವ. ಸಂಜೀಕ ಆ ಕಡಿಯಿಂದ ಒಬ್ಬ ದನಕಾಯಾಂವ ಕೂಗಿ ಹೇಳಿದ, ಮಣ್ಣಾತು ಅಂತ. ನಮ್ಮವ್ವನ್ನ ತವರಿಗೆ ಬಿಡದ ಸರಕಾರಕ್ಕ ನಾ ಮಗಳಾಗಬೇಕೇನು?"

ಬಾಳಾಸಾಹೇಬ ಅವಲಕ್ಕಿ ತಟ್ಟೆ ಕೆಳಗಿಟ್ಟ. "ವಿಚಾರ ಮಾಡ್ರಿ, ಅವಸರ ಇಲ್ಲ" ಎಂದು ಎದ್ದು ಹೋದ.

ಆಮೇಲೆ ಶುರುವಾಯಿತು ನೋಡಿ ಮನೆಯಲ್ಲಿ. ಸೋಮಲಿಂಗ ಅಜ್ಜಿಯ ಜೊತೆ ಮಾತು ಬಿಟ್ಟ. ಡಬ್ಬಿ ಕಟ್ಟಿಕೊಟ್ಟರೆ ಒಯ್ಯಲಿಲ್ಲ. ಸಂಜೆ ಬಂದರೆ ಅಂಗಳದಲ್ಲಿ ನಿಂತು ಮೈಮೇಲೆ ನೀರು ಹೊಯ್ದುಕೊಂಡು ಸೀದಾ ಮಲಗುವುದು. ಮನಿಷಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುವುದು. ನನ್ನ ಗಂಡ ತಾಯಿಗೆ ದಿನಾ ಒಂದೇ ಮಾತು.

"ಯವ್ವಾ, ಒಂದು ಹೆಬ್ಬಟ್ಟು ಕೇಳಾಕತ್ತೇವಿ. ಏನು ಸವೀತೈತಿ? ಆ ಗೇಟೂ ಇಲ್ಲ, ಆ ಫಿರಂಗಿನೂ ಇಲ್ಲ. ನಾ ಪಣಜಿ ಬಸ್ಸಿನ ಮ್ಯಾಲ ಇದ್ದಾಗ ದಿನಾ ಆ ಗಡಿ ದಾಟೇನಿ. ಬ್ರೇಕ್ ಸುದ್ದಾ ಹಾಕಂಗಿಲ್ಲ ಅಲ್ಲಿ."

"ನೀ ಬಸ್ಸಿನಾಗ ದಾಟೀದಿ, ಮಗಾ. ನಮ್ಮವ್ವ ನಡಕೋತ ಹೋಗಿದ್ಲು."

ಬಾಜೂ ಕೋಣೆಯಲ್ಲಿ ಸಮೃದ್ಧಿ ಪರೀಕ್ಷೆಗೆ ಬಾಯಿಪಾಠ ಹೊಡೆಯುತ್ತಿದ್ದಳು. ಇಪ್ಪತ್ತನೇ ಶತಮಾನದಲ್ಲಿ ಎರಡು ಮಹಾಯುದ್ಧ ಆದವು, ಸಾಮ್ರಾಜ್ಯಗಳು ಬಿದ್ದವು, ವಸಾಹತುಗಳು ಒಂದೊಂದಾಗಿ ಬಿಡುಗಡೆಯಾದವು. ಅತ್ತೆ ಕೇಳಿಸಿಕೊಂಡು ಒಂದು ದಿನ ಕೂಗಿ ಕೇಳಿದರು: "ಸಮೃದ್ಧಿ, ಅದರಾಗ ನಮ್ಮ ಗೇಟಿನ ಸುದ್ದಿ ಐತೇನಬೇ?"

"ಗೋವಾದ್ದು ಒಂದ ಸಾಲು ಐತಿ ಆಯಿ. ಸೈನ್ಯ ಹೋತು, ಗೋವಾ ಬಿಡುಗಡಿ ಆತು ಅಂತ. ಗೇಟ್ ಇಲ್ಲ."

"ನಮ್ಮವ್ವ ಅತ್ತದ್ದು?"

"ಅದಕ್ಕೆಲ್ಲ ಮಾರ್ಕ್ಸ್ ಇಲ್ಲ ಆಯಿ."

ನಾನು ಎರಡು ಕಡೆಗೂ ಸಲ್ಲದವಳಾಗಿದ್ದೆ. ಅತ್ತೆಯ ಕಡೆ ನ್ಯಾಯ ಇತ್ತು, ಮಗನ ಕೆನ್ನೆ ನೋಡಿದರೆ ಆ ನ್ಯಾಯ ಗಂಟಲಲ್ಲೇ ನಿಲ್ಲುತ್ತಿತ್ತು. ಹೆತ್ತವಳ ಹಣೆಬರಹ ಅದು. ದೇವರು ಹೊಟ್ಟೆಯನ್ನೂ ಕೊಟ್ಟ, ಬಾಯಿಯನ್ನೂ ಕೊಟ್ಟ, ಎರಡೂ ಒಂದೇ ಮಾತು ಆಡುವ ಹಾಗೆ ಮಾಡಲಿಲ್ಲ.

ಶ್ರಾವಣದ ಒಂದು ಸೋಮವಾರ ಸೋಮಲಿಂಗನನ್ನು ಜೊತೆಗಾರರು ಗಾಡಿಯ ಮೇಲೆ ಕೂರಿಸಿಕೊಂಡು ಬಂದರು. ಕಾದ ಲೋಹ ಸಿಡಿದು ಬಲ ಮುಂಗೈ ಸುಟ್ಟಿತ್ತು. ಬೆರಳಿನಿಂದ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ಗುತ್ತಿಗೆದಾರ ದವಾಖಾನೆಯ ಬಿಲ್ಲು ಕಟ್ಟಿ, ವಾಸಿಯಾದ ಮೇಲೆ ನೋಡೋಣ ಅಂದಿದ್ದ. ನೋಡೋಣ ಅಂದರೆ ಏನೆಂದು ಎಲ್ಲರಿಗೂ ಗೊತ್ತು. ನಾನು ಅಳುತ್ತ ಒಲೆ ಹತ್ತಿಸಲು ಹೋದೆ. ಅನ್ನ, ಕಟ್ಟಿನ ಸಾರು ಕಲಸಿ ತಂದಾಗ ಅತ್ತೆ ಮೊಮ್ಮಗನ ಮುಂದೆ ಕೂತಿದ್ದರು. ತಟ್ಟೆ ನನ್ನ ಕೈಯಿಂದ ಇಸಿದುಕೊಂಡು, ಸಣ್ಣವನಿದ್ದಾಗ ಉಣ್ಣಿಸಿದ ಹಾಗೆಯೇ ತುತ್ತು ಮಾಡಿ ಬಾಯಿಗಿಟ್ಟರು. ಅಷ್ಟು ದಿನ ಅಜ್ಜಿಯ ಮುಖ ನೋಡದವನು ಬಾಯಿ ತೆರೆದು ಉಂಡ.

ತಟ್ಟೆ ಖಾಲಿ ಆದ ಮೇಲೆ ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನನ್ನ ಗಂಡನ ಕಡೆ ಹೆಬ್ಬೆರಳು ಚಾಚಿದರು.

"ಎಲ್ಲಿ ಒತ್ತಬೇಕು ತೋರ್ಸು. ಒತ್ತತೇನಿ."

ಗೋವಾಕ್ಕೆ ಹೋಗಿ ಬಂದದ್ದು, ವಕೀಲರ ಕಚೇರಿ, ಸೋದರಮಾವ ಬರೆಸಿದ ಹೆಸರು ಹಾಗೇ ಸಿಕ್ಕದ್ದು, ಇವೆಲ್ಲ ಸರಳವಾಗಿಯೇ ನಡೆದವು. ಕಾಗದ ಸಮುದ್ರ ದಾಟಿ ಹೋಯಿತು. ಆಮೇಲೆ ತಿಂಗಳುಗಟ್ಟಲೆ ಸುದ್ದಿ ಇಲ್ಲ. ಸೋಮಲಿಂಗನ ಕೈ ವಾಸಿಯಾಗಿ, ಹಳೇ ಫೌಂಡ್ರಿಯವರು ಬೇಡ ಅಂದು, ಅವನು ಇನ್ನೊಂದು ಫೌಂಡ್ರಿಗೆ ಸೇರಿದ. ಅಲ್ಲೂ ಕುಲುಮೆಯೇ. ಮನಿಷಾ ಬಸುರಿಯಾದಳು. ನಾವೆಲ್ಲ ಆ ಹೆಬ್ಬಟ್ಟನ್ನು ಮರೆತಂತೆಯೇ ಇದ್ದೆವು.

ಅತ್ತೆ ಅಂತೂ ಆರಾಮಾಗಿದ್ದರು. ಹೆಂಗಸರಿಗೆ ಬಸ್ ಫ್ರೀ ಆದಾಗಿನಿಂದ ಅವರ ಕಾಲಿಗೆ ಚಕ್ರ ಕಟ್ಟಿದಂತಾಗಿತ್ತು. ಆಧಾರ್ ಕಾರ್ಡನ್ನು ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಂಡು ಹೊರಟುಬಿಡುವುದು. ಒಂದು ದಿನ ಖಾನಾಪುರದ ಸಂತೆ, ಒಂದು ದಿನ ಹಲಸಿಯ ಗುಡಿ, ಮಳೆ ನಿಂತ ಮೇಲೆ ಕಣಕುಂಬಿ. ಕಂಡಕ್ಟರ್ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್‌ಗಳನ್ನು ಎಸೆಯುತ್ತಿರಲಿಲ್ಲ, ತಂದು ನಮಗೆ ತೋರಿಸುವುದು. "ನೋಡು ಲಕ್ಷ್ಮೀ, ಬಸ್ಸು ನನ್ನ ಮಗಂದು, ಟಿಕೆಟ್ ನನ್ನ ಸರಕಾರದ್ದು" ಎಂದು ನನ್ನನ್ನು ಕರೆದು ಹೇಳುವರು. ಬಂದು ಕಟ್ಟೆಯ ಮೇಲೆ ಕೂತರೆ ಬಾಜೂ ಮನೆಯ ಶಿವಲಿಂಗವ್ವನಿಗೆ ಊರೆಲ್ಲದರ ಸುದ್ದಿ.

ಮನಿಷಾಳಿಗೆ ಆರು ತುಂಬುವ ಹೊತ್ತಿಗೆ ಬಾಳಾಸಾಹೇಬ ಕುಂದಾದ ಡಬ್ಬಿ ಹಿಡಿದು ಬಂದ.

"ಬಂತ್ರೀ! ಆಯಿ ಹೆಸರು ಅಲ್ಲಿ ಏರಿತು. ಆಯಿ ಈಗ ಪಕ್ಕಾ ಪೋರ್ತುಗೀಸ್!"

ಸಮೃದ್ಧಿ ಚಪ್ಪಾಳೆ ಹೊಡೆದಳು. ಸೋಮಲಿಂಗ ಅಜ್ಜಿಯ ಕಾಲು ಮುಟ್ಟಿದ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. ಎಲ್ಲರ ಕೈಗೂ ಕುಂದಾ ಬಂತು.

"ಈಗ ನಿಮ್ಮ ಪಾಳಿ, ಗುರುಸಿದ್ದಣ್ಣ" ಎಂದ ಬಾಳಾಸಾಹೇಬ. "ನಿಮ್ಮ ಸಹಿ ಬೇಕು. ನೌಕರೀದು ಏನು ಮಾಡ್ತೀರಿ, ಈಗ ನಿಕ್ಕಿ ಮಾಡ್ರಿ."

ನನ್ನ ಗಂಡನ ಕೈ ಬಾಯಿಯ ಹತ್ತಿರ ನಿಂತಿತು. "ನೌಕರೀದು ಏನು?"

"ಪರದೇಶದ ಪ್ರಜಾಗ ಸರಕಾರಿ ಬಸ್ಸು ಹೆಂಗ ಕೊಡ್ತಾರ್ರೀ? ಬಿಡಬೇಕಾಗ್ತದ. ಮೊದಲ ಹೇಳಿದ್ನಲ್ಲ, ಎರಡೂ ಕಡೆ ಇರಾಕ ಬರೂದಿಲ್ಲಂತ."

"ಅದು ಅವ್ವಂದು ಹೇಳಿದ್ರಿ."

"ಅವ್ವಂದು ಏನು, ನಿಮ್ಮದು ಏನು? ಕಾಯ್ದೆ ಒಂದ."

ಬಾಳಾಸಾಹೇಬ ಎದ್ದು ಹೋದ. ಮೂರು ದಿನ ನನ್ನ ಗಂಡ ಡಿಪೋದಲ್ಲಿ ಯಾರ್ಯಾರನ್ನೋ ಕೇಳಿದರು. ನಾಲ್ಕನೇ ದಿನ ಉಣ್ಣಲು ಕೂತಾಗ ಹೇಳಿದರು.

"ನಾ ಸಹಿ ಮಾಡಂಗಿಲ್ಲ. ಈಗೂ ಇಲ್ಲ, ರಿಟೈರ್ ಆದಮ್ಯಾಲೂ ಇಲ್ಲ. ಈ ವಯಸ್ಸಿನಾಗ ನನ್ನ ಊರಾಗ ನಾ ಪರದೇಶಿ ಆಗಿ ತಿರುಗಾಡಲಾ? ಮನಿ ನನ್ನ ಹೆಸರಿಲೆ ಐತಿ. ನಾಳೆ ಯಾರರ ಅರ್ಜಿ ಬರದು ಹಾಕಿದ್ರ?"

ಸೋಮಲಿಂಗ ತಟ್ಟೆಯಿಂದ ಕೈ ತೆಗೆದ. "ಅಪ್ಪಾ, ಆಯಿಗೆ ಒಂದು ಹೆಬ್ಬಟ್ಟು, ಏನು ಸವೀತೈತಿ ಅಂದಿ. ನಿಂದೇನು ಬಂಗಾರದ ಹೆಬ್ಬಟ್ಟೇನು?"

"ಬಾಯಿ ಮುಚ್ಚು."

"ಮುಚ್ಚಂಗಿಲ್ಲ. ನೀ ಮೊದಲ ಒಲ್ಲೆ ಅಂದಿದ್ರ ಆಯೀನ ಯಾಕ ಅಷ್ಟು ಕಾಡ್ತಿದ್ನಿ ನಾ? ಅನ್ನಾ ಬಿ‌ಟ್ಟು ಮಲಗಿದ್ನಿ. ಅಕಿ ಮಾರಿ ನೋಡಿರಲಿಲ್ಲ ನಾ!"

"ನಿನಗ ಹುಚ್ಚು ಹಿಡಿದಿತ್ತು, ನಮ್ಮನ್ನೂ ಎಳಕೊಂಡ ಬಿದ್ದಿ."

"ಬಿದ್ದಾಕಿ ಒಬ್ಬಾಕಿನ, ಅಪ್ಪಾ. ನೀ ದಂಡೀ ಮ್ಯಾಲ ನಿಂತಿ."

ನನ್ನ ಗಂಡ ಎದ್ದು ಕೈ ಎತ್ತಿದರು. ನಾನು ನಡುವೆ ಹೋದೆ. ಹೊಡೆತ ನನ್ನ ಭುಜಕ್ಕೆ ಬಿತ್ತು, ಸಾರಿನ ಪಾತ್ರೆ ಉರುಳಿತು. ಸಿಟ್ಟು ನೆತ್ತಿಗೇರಿ ನಾನೂ ಒದರಿದೆ: "ಹೊಡೀರಿ, ಇನ್ನೊಂದು ಹೊಡೀರಿ! ನನಗೂ ಯಾವುದರ ದೇಶದ ಕಾಗದ ತಂದ ಕೊಡ್ರಿ, ಹೋಗಿಬಿಡ್ತೇನಿ!"

ಅತ್ತೆ ಮಾತ್ರ ಕೂತಲ್ಲೇ ಇದ್ದರು. ನೆಲದ ಮೇಲೆ ಹರಿಯುತ್ತಿದ್ದ ಸಾರಿಗೆ ಬಟ್ಟೆ ಅಡ್ಡ ಇಡುತ್ತ, ಮೆಲ್ಲಗೆ ಕೇಳಿದರು.

"ಹಂಗಾದ್ರ ಆ ದೇಶದಾಗ ನಾ ಒಬ್ಬಾಕಿನ ಏನು?"

ಒದ್ದೆಯಾದ ಬಟ್ಟೆಯನ್ನು ಹಿಂಡಿ ಮತ್ತೆ ಹಾಸಿ, ತಾವೇ ಮುಂದುವರಿಸಿದರು.

"ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತಿದ್ಲು ನಮ್ಮವ್ವ. ಈಗ ಹಡದಾಕಿನೂ ಹೊರಗು. ಆತು ಬಿಡ್ರಿ, ಗಡಿ ದಾಟೂದು ಹೆಂಗಸರ ಕೆಲಸ. ಗಂಡಸರಿಗೆ ನೌಕರಿ ಇರ್ತೈತಿ."

ಮರುದಿನ ನನ್ನ ಗಂಡ ತಾವೇ ಬೋಗಾರವೇಸಕ್ಕೆ ಹೋಗಿ, ಇದನ್ನು ತಿರುಗಿಸಲು ಬರುತ್ತದೆಯೇ ಎಂದು ಕೇಳಿ ಬಂದರು. ಬರುತ್ತದೆ, ಆದರೆ ಅಲ್ಲಿಗೆ ಬರೆಯಬೇಕು, ಅವರು ಬಿಡಬೇಕು, ಆಮೇಲೆ ಇಲ್ಲಿ ಹೊಸದಾಗಿ ಅರ್ಜಿ ಹಾಕಬೇಕು, ವರ್ಷಗಟ್ಟಲೆ ಆಗಬಹುದು ಎಂದನಂತೆ ಬಾಳಾಸಾಹೇಬ. ಅತ್ತೆಗೆ ಆಗ ಎಂಬತ್ತಕ್ಕೆ ಹತ್ತಿರ.

ಆವತ್ತಿನಿಂದ ನಮ್ಮ ಮನೆಗೆ ಹೆದರಿಕೆ ಹೊಕ್ಕಿತು. ಕಳ್ಳತನ ಮಾಡಿದವರ ಮನೆಯ ಹಾಗೆ ಆಯಿತು. ನನ್ನ ಗಂಡ ದಿನಕ್ಕೊಂದು ಹುಕುಂ ಹೊರಡಿಸಿದರು. ಮೊದಲು ರೇಷನ್ ಅಂಗಡಿಗೆ ಹೋಗುವುದು ನಿಂತಿತು. ಆಮೇಲೆ ಬಸ್ಸು.

"ಯವ್ವಾ, ಆ ಕಾರ್ಡ್ ಎಲ್ಲೂ ತೋರ್ಸಬ್ಯಾಡ, ಪರದೇಶದಾಕಿ ತೋರ್ಸಿದ್ರ ಗುನ್ಹೆ ಆಗ್ತೈತಿ. ಈ ಕಡೆ ಕೊಡು, ಟ್ರಂಕಿನಾಗ ಇಡ್ತೇನಿ."

ಅತ್ತೆ ಸಂಚಿ ಬಿಚ್ಚಿ ಕಾರ್ಡು ಕೊಟ್ಟರು.

"ಮತ್ತ ಕಟ್ಟೀ ಮ್ಯಾಲ ಕುಂದರಬ್ಯಾಡ. ಆ ಶಿವಲಿಂಗವ್ವನ ಬಾಯಿ ಭಾಳ ಹಗೂರ. ನಿನ್ನ ಹುಟ್ಟಿದ ಕಥಿ ಯಾರ ಮುಂದೂ ತಗೀಬ್ಯಾಡ."

"ಕುಂದರೂದು ಎಲ್ಲಿ?"

"ಒಳಗ ಕುಂದರು. ಟೀವಿ ನೋಡು."

ಒಳಗೆ ಅಂದರೆ ಅಡುಗೆಮನೆ ಮತ್ತು ಹಿತ್ತಿಲ ಬಾಗಿಲ ನಡುವಿನ ಜಾಗ. ಅಲ್ಲಿ ಅವರು ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವರು. ಆರಿಸಿದ ಅಕ್ಕಿಯನ್ನೇ ಮತ್ತೆ ಮೊರಕ್ಕೆ ಹಾಕಿಕೊಂಡು ಆರಿಸುವರು. "ಅತ್ತೀ, ಅದು ಆರಿಸಿದ್ದರೀ" ಅಂದರೆ, "ಇರಲಿ ಬಿಡು, ನನಗೇನು ಬಸ್ಸ್ ತಪ್ಪತೈತಿ?" ಅನ್ನುವರು. ಶಿವಲಿಂಗವ್ವ ಗೋಡೆಯ ಆಚೆಯಿಂದ, "ರೇಣವ್ವಾ, ಆರಾಮಿಲ್ಲೇನಬೇ?" ಎಂದು ಕೂಗಿದರೆ ಸುಮ್ಮನಿರುವರು. ಸೋಮಲಿಂಗ ಅಪ್ಪನ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುವುದು ಬಿಟ್ಟ. ನಾನು ಎರಡು ಸಲ ಬಡಿಸುವುದು, ಎರಡು ಸಲ ತಿಕ್ಕುವುದು.

ಒಂದು ಬೆಳಿಗ್ಗೆ ವೋಟರ್ ಪಟ್ಟಿ ಪರೀಕ್ಷಿಸಲು ಶಾಲೆಯ ಟೀಚರೊಬ್ಬರು ಮನೆಮನೆಗೆ ಬಂದರು. ನನ್ನ ಗಂಡ ಕಿಟಕಿಯಿಂದ ನೋಡಿದವರೇ ತಾಯಿಯ ರಟ್ಟೆ ಹಿಡಿದು ಅಡುಗೆಮನೆಗೆ ನೂಕಿ ಬಾಗಿಲು ಎಳೆದರು. ನಾನೂ ಒಳಗೇ ಇದ್ದೆ. ಅತ್ತೆ ನನ್ನ ಮುಖ ನೋಡುತ್ತ ಗೋಡೆಗೆ ಅಂಟಿ ನಿಂತರು.

"ರೇಣವ್ವ ಅಂತ ಹೆಸರೈತಿ. ಅಜ್ಜಿ ಅದಾರಿಲ್ರೀ?" ಹೊರಗೆ ಟೀಚರು ಕೇಳುವುದು ಕೇಳಿಸಿತು.

"ಅದಾರ್ರೀ. ಈಗ ಮನ್ಯಾಗಿಲ್ಲ. ಊರಿಗೆ ಹೋಗ್ಯಾರ."

"ಯಾವ ಊರಿಗೆ?"

ನನ್ನ ಗಂಡನಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಸ್ವಲ್ಪ ತಡವರಿಸಿ ಹೇಳಿದರು: "ತವರಿಗೆ ಹೋಗ್ಯಾರ್ರೀ."

ಟೀಚರು ನಕ್ಕರು. "ಈ ವಯಸ್ಸಿನಾಗೂ ತವರು ಐತೇನ್ರಿ? ಪುಣ್ಯಾ ಮಾಡ್ಯಾರ ಬಿಡ್ರಿ."

ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರು. ಕಣ್ಣಿಂದ ಸುರಿಯುತ್ತಿತ್ತು. ಟೀಚರು ಗೇಟು ದಾಟಿ ಹೋಗುವವರೆಗೂ ಒಂದು ಸದ್ದು ಹೊರಗೆ ಬಿಡಲಿಲ್ಲ. ನನಗೆ ಆ ಬಾಗಿಲನ್ನು ಒದ್ದು ತೆರೆಯಬೇಕು ಅನಿಸಿತು. ಒದೆಯಲಿಲ್ಲ. ಹೊರಗೆ ನಿಂತವರು ನನ್ನ ಗಂಡ, ಹೋಗುವುದಾದರೆ ಹೋಗುವುದು ನಮ್ಮೆಲ್ಲರ ಅನ್ನ.

ಮನಿಷಾಳಿಗೆ ಏಳರಲ್ಲಿ ಕುಬಸ ಮಾಡಿದೆವು. ಹಸಿರು ಸೀರೆ, ಹಸಿರು ಬಳೆ, ಐದು ತರಹದ ಅನ್ನ, ಹೋಳಿಗೆ. ಹೆಂಗಸರು ಕಡಿಮೆ, ಶಿವಲಿಂಗವ್ವನನ್ನೂ ಕರೆಯಲಿಲ್ಲ. ಅತ್ತೆಯೇ ಮನಿಷಾಳ ಉಡಿ ತುಂಬಿದರು. ತುಂಬುತ್ತ ಹೇಳಿದರು:

"ಖಾನಾಪುರದಾಗ ಹಡಿಯಾಕ ಹೋಗ್ತಿ. ಹೋಗಿ ಮೊದಲ ಆ ನೆಲಾ ಯಾರದು ಅಂತ ಕೇಳ್ಕೋ. ಐವತ್ತು ವರ್ಷದ ಮ್ಯಾಲ ಯಾರದ ಆಗ್ತೈತಿ ಅಂತನೂ ಕೇಳು. ಆಮ್ಯಾಲ ಹಡಿ."

ಮನಿಷಾ ನಗಬೇಕೋ ಅಳಬೇಕೋ ತಿಳಿಯದೆ ನನ್ನ ಕಡೆ ನೋಡಿದಳು.

ಅವಳ ತಾಯಿಗೆ ಆಗಷ್ಟೇ ಮೊಣಕಾಲಿನ ಆಪರೇಷನ್ ಆಗಿದ್ದರಿಂದ ಕರೆಯಲು ಬರುವಂತಿರಲಿಲ್ಲ. ನಾವೇ ಬಿಟ್ಟು ಬರುವುದು, ಖಾನಾಪುರದ ಸ್ಟ್ಯಾಂಡಿಗೆ ಅವಳ ಅಣ್ಣ ಬರುವುದು ಎಂದು ಮಾತಾಯಿತು. ನನ್ನ ಗಂಡನ ಡ್ಯೂಟಿ ಈಗ ಖಾನಾಪುರದ ಮೇಲಿಂದ ಹೋಗುವ ಲೋಂಡಾ ಬಸ್ಸಿನ ಮೇಲೆ. ಅದೇ ಬಸ್ಸಿಗೆ ಹೋಗುವುದು.

"ನಾನೂ ಬರ್ತೇನಿ" ಎಂದರು ಅತ್ತೆ.

"ಯವ್ವಾ, ನೀ ಬ್ಯಾಡ" ಎಂದರು ನನ್ನ ಗಂಡ.

"ಮೊದಲ ಮರಿಮಗ. ಸೊಸೀನ ಚೊಚ್ಚಲಕ್ಕ ಕಳಸಾಕ ಮನೀ ಹಿರ್ಯಾಕಿ ಹೋಗಬೇಕು. ಇದು ನಮ್ಮ ಪದ್ಧತಿ. ಅದಕ್ಕೂ ಕಾಯ್ದೆ ಐತೇನು?"

ನನ್ನ ಗಂಡ ಸೋತರು. "ಬಾ ಹಂಗಾದ್ರ. ಕಂಡಕ್ಟರ್ ನಮ್ಮ ಹುಡುಗನ. ಕಾರ್ಡ್ ಕೇಳಂಗಿಲ್ಲ. ಸುಮ್ನ ಕುಂತು ಬಾ."

ಬಸ್ಸು ತುಂಬಿ ಹೋಗಿತ್ತು, ಅರ್ಧಕ್ಕಿಂತ ಹೆಚ್ಚು ಹೆಂಗಸರೇ. ಕಂಡಕ್ಟರ್ ಮುಂದಿನಿಂದ ಬರುತ್ತಿದ್ದ. ಎಲ್ಲರೂ ಕಾರ್ಡು ತೋರಿಸುವುದು, ಅವನ ಕೈಯಲ್ಲಿದ್ದ ಮೆಷಿನ್ನು ಕಿರ್ರೆಂದು ಸೊನ್ನೆಯ ಟಿಕೆಟ್ ಉಗುಳುವುದು. ನಾವು ಡ್ರೈವರಿನ ಹಿಂದಿನ ಸೀಟಿನಲ್ಲಿದ್ದೆವು. ನನಗೆ, ಮನಿಷಾಳಿಗೆ ಕೊಟ್ಟು ಅತ್ತೆಯ ಹತ್ತಿರ ಬಂದ.

"ಬರ್ರಿ ಆಯಿ, ಭಾಳ ದಿನಾ ಆತು, ಕಂಡೇ ಇಲ್ಲ. ಕಾರ್ಡ್ ಇರಲಿ ಬಿಡ್ರಿ, ನಿಮ್ಮ ಮಗನ ಬಸ್ಸು." ಸೊನ್ನೆಯ ಟಿಕೆಟ್ಟು ಹರಿದು ಚಾಚಿದ.

ಅತ್ತೆ ತೆಗೆದುಕೊಳ್ಳಲಿಲ್ಲ. ಸಂಚಿ ಬಿಚ್ಚಿ ನೋಟು ತೆಗೆದರು. "ಇದು ಬ್ಯಾಡ. ರೊಕ್ಕದ್ದು ಕೊಡು."

"ಫ್ರೀ ಐತಿ ಆಯಿ, ಹೆಂಗಸರಿಗೆ."

"ಈ ರಾಜ್ಯದ ಹೆಂಗಸರಿಗೆ ಫ್ರೀ ಐತಿ. ನಾ ಈ ರಾಜ್ಯದಾಕಿ ಅಲ್ಲ, ಈ ದೇಶದಾಕಿನೂ ಅಲ್ಲ. ನಾ ಫಿರಂಗ್ಯಾಕಿ. ಬೇಕಾದ್ರ ನಿಮ್ಮ ಡ್ರೈವರನ್ನ ಕೇಳು, ಅಂವಗ ಎಲ್ಲಾ ಗೊತ್ತೈತಿ."

ಸುತ್ತಲಿನ ಹೆಂಗಸರು ಘೊಳ್ಳೆಂದು ನಕ್ಕರು. ಮುದುಕಿ ಚಾಷ್ಟಿ ಮಾಡುತ್ತಾಳೆ ಎಂದುಕೊಂಡರು. ಕಂಡಕ್ಟರನೂ ನಕ್ಕು ಡ್ರೈವರ್ ಕಡೆ ತಿರುಗಿದ. ನನ್ನ ಗಂಡ ತಿರುಗಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿತ್ತು, ಅವು ರಸ್ತೆಯ ಮೇಲೆ ಇರಲಿಲ್ಲ. ಬಸ್ಸು ಒಮ್ಮೆ ಜಗ್ಗಿ ಮತ್ತೆ ಸರಿಹೋಯಿತು.

"ಕೊಡಪಾ ಟಿಕೆಟ್" ಎಂದರು ಅತ್ತೆ. "ಸುಮ್ನ ಕುಂತು ಹೋದ್ರ ನನ್ನ ಮಗನ ನೌಕರಿಗೆ ಕುತ್ತು."

ಹುಡುಗ ನಗು ನಿಲ್ಲಿಸಿದ. ಪೂರಾ ಟಿಕೆಟ್ ಹರಿದು ಕೊಟ್ಟ, ಚಿಲ್ಲರೆ ಎಣಿಸಿ ಕೊಟ್ಟ. ಅತ್ತೆ ಟಿಕೆಟ್ಟನ್ನು ಮಡಚಿ, ಕಾರ್ಡು ಇರುತ್ತಿದ್ದ ಖಾನೆಯಲ್ಲಿ ಇಟ್ಟು ಸಂಚಿಯ ದಾರ ಎಳೆದರು. ಖಾನಾಪುರ ಬರುವವರೆಗೆ ಮನಿಷಾಳ ಕೈ ಹಿಡಿದುಕೊಂಡು ಹೊರಗೆ ನೋಡುತ್ತ ಕೂತಿದ್ದರು.

ಸ್ಟ್ಯಾಂಡಿನಲ್ಲಿ ಮನಿಷಾಳ ಅಣ್ಣ ಕಾಯುತ್ತಿದ್ದ. ನನ್ನ ಗಂಡ ತಾವೇ ಇಳಿದು ಬಂದು ಸೊಸೆಯ ಚೀಲ ಎತ್ತಿ ರಿಕ್ಷಾದಲ್ಲಿ ಇಟ್ಟರು. ತಾಯಿಯ ಕಡೆ ನೋಡಲಿಲ್ಲ. ಕೊರಳಿನ ಟವೆಲಿನಿಂದ ಮುಖ ಒರೆಸಿಕೊಂಡರು.

ಮನಿಷಾ ಬಗ್ಗಲಾರದೆ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಅಳುತ್ತಿದ್ದಳು. "ಆಯಿ, ಕೂಸಿನ್ನ ನೋಡಾಕ ಬರ್ತೀರಲ್ಲ?"

ಅತ್ತೆ ಅವಳ ಗದ್ದ ಹಿಡಿದು ಮುಖ ಎತ್ತಿದರು. ನನ್ನ ಗಂಡ ಅಲ್ಲೇ ಬಾಜೂಕೆ ನಿಂತಿದ್ದರು.

"ಗೇಟ್ ತಗದಿದ್ರ ಬರ್ತೇನಿ, ಯವ್ವಾ."

ಕಂಡಕ್ಟರ್ ಸೀಟಿ ಹೊಡೆದ. ನನ್ನ ಗಂಡ ಹೋಗಿ ಸ್ಟೀರಿಂಗ್ ಮುಂದೆ ಕೂತರು. ಕಂಡಕ್ಟರ್ ಎರಡನೇ ಸಲ ಸೀಟಿ ಹೊಡೆದ, ಮೂರನೇ ಸಲ ಹೊಡೆದ, ಬಸ್ಸು ಹೊರಡಲಿಲ್ಲ.